ಟೆಕ್ಸ್ಟ್ ಗೇಮ್‌ನಲ್ಲಿ ರೊಮ್ಯಾನ್ಸ್ ಸೀನ್ ಎಲ್ಲಿಗೆ ನಿಲ್ಲಿಸ್ಬೇಕು, ಜೊತೆ ಆಡೋರಿಗೆ ಹೇಗೆ ಹೇಳೋದು?

ಕಪ್ತಾನಿ:

ಎಲ್ರಿಗೂ ನಮಸ್ಕಾರ. ನಾನು ಒಂದು ಮಶ್‌ನಲ್ಲಿ, ಅಂದ್ರೆ ಹಲವರು ಆನ್‌ಲೈನ್‌ನಲ್ಲಿ ಸೇರಿ ಕಥೆ ಬರೀತಾ ಆಡೋ ಗೇಮ್‌ನಲ್ಲಿ, ಆಡ್ತೀನಿ, ಗ್ರಾಫಿಕ್ಸ್ ಏನೂ ಇಲ್ಲ, ಎಲ್ಲಾ ಬರವಣಿಗೇನೇ, 18 ದಾಟಿದವ್ರಿಗೆ ಮಾತ್ರ ಅಂತ ಲಾಗಿನ್ ಆಗೋವಾಗ್ಲೇ ತೋರಿಸ್ತಾರೆ. ನನ್ನ ಪಾತ್ರ ಒಬ್ಳು ಹಡಗಿನ ಕ್ಯಾಪ್ಟನ್. ಅವಳಿಗೂ ಇನ್ನೊಬ್ರು ಆಡೋ ವೈದ್ಯನಿಗೂ ಮೊದ್ಲು ಬರೀ ಜಗಳ, ಆಮೇಲೆ ಸ್ನೇಹ, ಈಗ ಪ್ರೀತಿ. ಕಥೆ ನಿಜವಾಗ್ಲೂ ಚೆನ್ನಾಗಿ ಬಂದಿದೆ, ಅವ್ರು ಬರೆಯೋದೂ ಸೊಗಸಾಗಿರತ್ತೆ, ಅದಕ್ಕೇ ಕಳ್ಕೊಳ್ಳೋಕೆ ಇಷ್ಟ ಇಲ್ಲ. ತೊಂದ್ರೆ ಏನಂದ್ರೆ ಇತ್ತೀಚೆಗೆ ಯಾವ ಸೀನ್ ಶುರು ಮಾಡಿದ್ರೂ ಸೀದಾ ಹಾಸಿಗೆ ಹತ್ರನೇ ಹೋಗಿ ನಿಲ್ಲತ್ತೆ, ಅದ್ರ ಜೊತೆಗೆ ನನ್ನ ಪಾತ್ರ ಏನ್ ಮಾಡಿದ್ಳು, ಅವಳಿಗೆ ಹೇಗನ್ನಿಸ್ತು ಅನ್ನೋದನ್ನೂ ಅವ್ರೇ ಬರೆದ್ಬಿಡ್ತಾರೆ. ಇಬ್ರೂ ಒಂದಾಗೋದು ನನಗೂ ಬೇಕು, ಆದ್ರೆ ಪ್ರತಿಯೊಂದನ್ನೂ ಬಿಡಿಸಿ ಬಿಡಿಸಿ ಬರಿಯೋದು ನನಗೆ ಒಗ್ಗಲ್ಲ. ಮೊನ್ನೆ ಕ್ಯಾಪ್ಟನ್ ಬಾಯಲ್ಲೇ "ಇವತ್ತು ಬೇಡ" ಅನ್ನಿಸಿದೆ, ಅವ್ರು ಅದನ್ನ ಹುಸಿಮುನಿಸು ಅಂತ ತಗೊಂಡು ಓಲೈಸೋ ಸೀನ್ ಶುರು ಮಾಡಿದ್ರು. ಸೀದಾ ಹೇಳಿದ್ರೆ ಬೇಜಾರ್ ಮಾಡ್ಕೊಂಡು ಆಡೋದೇ ಬಿಟ್ಬಿಡ್ತಾರಾ ಅಂತ ಅಳುಕು. ಇನ್ನೊಂದು, ನಾನು ಆಡ್ತೀನಿ ಅಂತ ನಮ್ಮ ಯಜಮಾನ್ರಿಗೆ ಗೊತ್ತು, ಈ ಭಾಗ ಗೊತ್ತಿಲ್ಲ. ಅದನ್ನ ಹೇಳ್ಬೇಕಾ?

ಹಳೇ_ಟೆಲ್ನೆಟ್:

ಕಥೆ ಒಳಗೆ "ಬೇಡ" ಅಂದ್ರೆ ಎದುರಿನವ್ರು ಅದನ್ನ ಡೈಲಾಗ್ ಅಂತ್ಲೇ ಓದ್ತಾರೆ ಮೇಡಂ, ಅಲ್ಲಿ ಅವ್ರ ತಪ್ಪು ಹುಡುಕೋ ಹಾಗಿಲ್ಲ. ಕ್ಯಾಪ್ಟನ್ ಹೇಳೋದು ಬೇರೆ, ಕೀಬೋರ್ಡ್ ಮುಂದೆ ಕೂತಿರೋ ನೀವು ಹೇಳೋದು ಬೇರೆ. ಐಸಿ (ಪಾತ್ರದೊಳಗಿನ ಮಾತು) ಬಿಟ್ಟು ಓಓಸಿಗೆ (ಪಾತ್ರದ ಹೊರಗೆ, ಆಡೋರಾಗಿ ಆಡೋ ಮಾತು) ಬನ್ನಿ, ಸೀನ್ ನಡೀತಿರೋವಾಗ ಅಲ್ಲ, ಶುರುವಾಗೋ ಮುಂಚೆ ಒಂದು ಪೇಜ್, ಅಂದ್ರೆ ಅವ್ರೊಬ್ರಿಗೇ ಹೋಗೋ ಮೆಸೇಜ್, ಹಾಕಿ. ಉದ್ದುದ್ದ ಪೀಠಿಕೆ ಬೇಡ. "ಇವರಿಬ್ಬರ ಕಥೆ ನನಗೆ ತುಂಬಾ ಇಷ್ಟ, ಮುಂದುವರಿಸೋಣ. ಮುತ್ತು, ಅಪ್ಪುಗೆವರೆಗೂ ಬರಿಯೋಣ, ಅಲ್ಲಿಂದಾಚೆ ಫೇಡ್ ಮಾಡಿ ಮರುದಿನ ಬೆಳಗ್ಗೆಗೆ ಹೋಗೋಣ. ನನ್ನ ಪಾತ್ರದ ಪ್ರತಿಕ್ರಿಯೆ ನಾನೇ ಬರೀತೀನಿ." ಇಷ್ಟು ಸಾಕು. ಕಾರಣ ಕೇಳಿದ್ರೆ ಕೊಡಬಹುದು, ಕೊಡಲೇಬೇಕು ಅಂತೇನಿಲ್ಲ. ಫೇಡ್ ಟು ಬ್ಲಾಕ್, ಅಂದ್ರೆ ಸಿನಿಮಾದಲ್ಲಿ ಪರದೆ ಕಪ್ಪಾಗೋ ಹಾಗೆ ಸೀನ್ ಮುಚ್ಚೋದು, ಹಳೇ ಪದ್ಧತಿ, ನೆಟ್ಟಗೆ ಆಡೋರು ಯಾರೂ ಅದಕ್ಕೆ ಮುಖ ಊದಿಸ್ಕೊಳ್ಳಲ್ಲ.

ಎರಡನೇ ವಿಷಯ ನನಗೆ ಇನ್ನೂ ದೊಡ್ಡದಾಗಿ ಕಾಣ್ತಿದೆ, ಅದೇ ನಿಮ್ಮ ಪಾತ್ರವನ್ನ ಅವ್ರು ಆಡಿಸೋದು. ಪವರ್‌ಪೋಸಿಂಗ್ ಅಂತಾರೆ ಇದನ್ನ. ಯುದ್ಧದ ಸೀನ್‌ನಲ್ಲಿ "ನನ್ನ ಕತ್ತಿ ನಿನ್ನ ಕುತ್ತಿಗೆ ಕಡೀತು" ಅಂತ ಬರೆದ್ರೆ ಎಲ್ರೂ ಕೂಗಾಡ್ತಾರೆ, ಪ್ರೀತಿ ಸೀನ್‌ನಲ್ಲಿ ಅದನ್ನೇ ಮಾಡಿದ್ರೆ ಸುಮ್ಮನಿರ್ತಾರೆ, ನನಗಂತೂ ಇದು ಯಾವತ್ತೂ ಅರ್ಥ ಆಗಿಲ್ಲ. ನೋಡಿ, ಹೀಗೊಂದು ಪೋಸ್ (ಸೀನ್‌ನಲ್ಲಿ ಒಬ್ರು ತಮ್ಮ ಸರದಿಗೆ ಬರೆಯೋ ಸಾಲುಗಳು) ಇದೆ ಅಂತಿಟ್ಕೊಳ್ಳಿ: "ವೈದ್ಯ ಅವಳನ್ನು ಹತ್ತಿರಕ್ಕೆಳೆದುಕೊಂಡ, ಅವಳ ಮೈ ಜುಮ್ಮೆಂದಿತು, ತಡೆಯಲಾರದೆ ಅವನ ಎದೆಗೊರಗಿದಳು." ಇಲ್ಲಿ ಇಬ್ಬರ ಕೆಲಸನೂ ಅವ್ರೇ ಮುಗಿಸ್ಬಿಟ್ಟಿದಾರೆ, ನಿಮಗೆ ಬರಿಯೋಕೆ ಏನುಳೀತು? ಅದೇ ಸೀನ್ ಹೀಗೂ ಬರಿಯಬಹುದು: "ವೈದ್ಯ ದೀಪ ಸಣ್ಣ ಮಾಡಿ ಅವಳತ್ತ ಕೈ ಚಾಚಿದ. ಹಿಡಿಯಲಿಲ್ಲ, ಕಾದ." ಈಗ ಮುಂದಿನ ಸಾಲು ನಿಮ್ಮದು. ಕೈ ಹಿಡೀಬಹುದು, ತಿರುಗಿ ಕಿಟಕಿ ಕಡೆ ಹೋಗಬಹುದು, ಅಲ್ಲೇ ನಿಂತು ಏನೋ ಕೇಳಬಹುದು. ಸಮ್ಮತಿಯೂ ಅಲ್ಲೇ ಇದೆ, ಸೀನಿನ ಬಿಗಿಯೂ ಅಲ್ಲೇ ಇದೆ. ಅವ್ರು ಒಳ್ಳೇ ಬರಹಗಾರ್ರು ಅಂದ್ರಲ್ಲ, ಈ ಉದಾಹರಣೆ ತೋರಿಸಿದ್ರೆ ಖಂಡಿತ ಹಿಡ್ಕೋತಾರೆ.

ಪರಿಚಾರಕ:

ನಾನು ಒಂದು ಗೇಮ್‌ನಲ್ಲಿ ಸ್ಟಾಫ್. ಮೇಲೆ ಹೇಳಿದ್ದು ಸರಿ, ಅದಕ್ಕೆ ಸ್ವಲ್ಪ ಹಿನ್ನೆಲೆ ಸೇರಿಸ್ತೀನಿ, ಯಾಕಂದ್ರೆ "ಇದೆಲ್ಲ ಬರೀ ಅಕ್ಷರ ತಾನೇ, ಇದಕ್ಯಾಕೆ ಇಷ್ಟು ರೂಲ್ಸು" ಅಂತ ಹೊಸಬರು ಕೇಳ್ತಾನೇ ಇರ್ತಾರೆ. ಎಸೆಕ್ಸ್ ಯೂನಿವರ್ಸಿಟಿಲಿ ರಾಯ್ ಟ್ರಬ್‌ಶಾ 1978ರಲ್ಲಿ ಶುರು ಮಾಡಿ ಆಮೇಲೆ ರಿಚರ್ಡ್ ಬಾರ್ಟ್ಲ್ ಮುಂದುವರಿಸಿದ ಮೊದಲನೇ ಮಡ್ (ಹಲವರು ಒಟ್ಟಿಗೆ ಆಡೋ ಟೆಕ್ಸ್ಟ್ ಗೇಮ್) ಇತ್ತಲ್ಲ, ಅದ್ರಲ್ಲಿ ನಿಧಿ ಹುಡುಕೋದು, ಪಾಯಿಂಟ್ ಗಳಿಸೋದು ಮುಖ್ಯ. 1989ರಲ್ಲಿ ಟೈನಿಮಡ್ ಅನ್ನೋ ಗೇಮ್ ಬಂದ್ಮೇಲೆ ಜನ ಕಾದಾಟ ಬಿಟ್ಟು ರೂಮ್ ಕಟ್ಟೋದು, ಮಾತಾಡೋದು, ಪಾತ್ರ ಮಾಡೋದು ಜಾಸ್ತಿ ಆಯ್ತು, ಪ್ರೇಮ ಶೃಂಗಾರದ ಸೀನ್‌ಗಳೂ ಅದ್ರ ಜೊತೆಗೇ ಬಂದ್ವು, ಟೈನಿಸೆಕ್ಸ್ ಅಂತ ಅದಕ್ಕೆ ಹೆಸರೂ ಬಿತ್ತು. ಅಂದ್ರೆ ಇದು ಈ ಗೇಮ್‌ಗಳಷ್ಟೇ ಹಳೇದು, ನಾಚ್ಕೊಳ್ಳೋ ವಿಷಯ ಅಲ್ಲ.

ಆದ್ರೆ 1990ರಲ್ಲಿ ಪಾವೆಲ್ ಕರ್ಟಿಸ್ ಶುರು ಮಾಡಿದ ಲ್ಯಾಂಬ್ಡಾಮೂ ಅನ್ನೋ ಇಂಥದ್ದೇ ಟೆಕ್ಸ್ಟ್ ಲೋಕದಲ್ಲಿ ಏನಾಯ್ತು ಅಂತ ಎಲ್ರೂ ತಿಳ್ಕೋಬೇಕು. ಅಲ್ಲಿ ಮಿಸ್ಟರ್ ಬಂಗಲ್ ಅನ್ನೋ ಪಾತ್ರ ಆಡ್ತಿದ್ದವನು ವೂಡೂ ಬೊಂಬೆ ಅನ್ನೋ ಒಂದು ಪ್ರೋಗ್ರಾಂ ಇಟ್ಕೊಂಡು, ಎಲ್ರೂ ಸೇರೋ ಹಾಲ್‌ನಲ್ಲಿ ಬೇರೆಯವ್ರ ಪಾತ್ರಗಳು ಅಸಹ್ಯವಾದ ಲೈಂಗಿಕ ಕೃತ್ಯ ಮಾಡ್ತಿರೋ ಹಾಗೆ ಸಾಲುಗಳನ್ನ ಪರದೆ ಮೇಲೆ ಬರಿಸ್ದ. ಆ ಪಾತ್ರಗಳ ಒಡೆಯರು ಒಂದಕ್ಷರನೂ ಟೈಪ್ ಮಾಡಿರ್ಲಿಲ್ಲ. ಅವ್ರಿಗೆ ಆದ ನೋವು ನಿಜವಾದ್ದೇ. ದೊಡ್ಡ ಚರ್ಚೆ ಆಯ್ತು, ಒಬ್ಬ ವಿಝರ್ಡ್ (ಅಲ್ಲಿನ ಅಡ್ಮಿನ್) ಆ ಪಾತ್ರಾನೇ ಅಳಿಸಿ ಹಾಕಿದ, ಆಮೇಲೆ ಆಟಗಾರರೇ ಅರ್ಜಿ ಹಾಕಿ ಮತ ಹಾಕಿ ನಿಯಮ ಮಾಡೋ ವ್ಯವಸ್ಥೆನೂ ಬಂತು. 1993ರಲ್ಲಿ ಇದು ಪತ್ರಿಕೆಲೂ ಬಂದು ಹೊರಗಿನ ಜನಕ್ಕೂ ಗೊತ್ತಾಯ್ತು. ನಿಮ್ಮ ಜೊತೆಗಾರ್ರು ಅಂಥವ್ರು ಅಂತ ಹೇಳ್ತಿಲ್ಲ, ದಯವಿಟ್ಟು ಹಾಗೆ ಓದ್ಬೇಡಿ. ಒಬ್ರ ಪಾತ್ರ ಏನ್ ಮಾಡತ್ತೆ ಅಂತ ಇನ್ನೊಬ್ರು ಬರೆದಾಗ ಯಾಕೆ ಮೈಗೆ ಚುಚ್ಚತ್ತೆ ಅನ್ನೋಕೆ ಹೇಳಿದೆ.

ಪ್ರೈವೇಟ್ ರೂಮ್ ಬಗ್ಗೆನೂ ಒಂದು ಮಾತು. ಬಾಗಿಲು ಲಾಕ್ ಮಾಡಿದ್ರೆ ಬೇರೆ ಆಟಗಾರರು ಬರಲ್ಲ ಅಷ್ಟೇ, ಸರ್ವರ್ ನಡೆಸೋರಿಗೆ ಬೇಕಂದ್ರೆ ನೋಡೋ ದಾರಿ ಇರತ್ತೆ, ಕೆಲವು ಮಶ್‌ಗಳಲ್ಲಿ ಯಾರ ಮೇಲಾದ್ರೂ ಅನುಮಾನ ಬಂದ್ರೆ ಅವ್ರು ಕೊಡೋ ಕಮ್ಯಾಂಡ್‌ಗಳೆಲ್ಲ ಲಾಗ್ ಆಗೋ (ದಾಖಲಾಗೋ) ಹಾಗೆ ಫ್ಲ್ಯಾಗ್ ಹಾಕಬಹುದು. ಎದುರಿನವ್ರ ಕ್ಲೈಂಟ್‌ನಲ್ಲೂ (ಆಡೋಕೆ ಬಳಸೋ ಪ್ರೋಗ್ರಾಂನಲ್ಲೂ) ಪ್ರತಿ ಸಾಲು ಸೇವ್ ಆಗ್ತಿರಬಹುದು. ಟೆಲ್ನೆಟ್‌ನಲ್ಲಿ (ಈ ಗೇಮ್‌ಗಳಿಗೆ ಕನೆಕ್ಟ್ ಆಗೋ ಹಳೇ ದಾರಿ) ಹೋಗೋದೆಲ್ಲ ಎನ್‌ಕ್ರಿಪ್ಟ್ ಆಗದೆ ಬಿಚ್ಚಿಟ್ಟ ಕಾಗದದ ಹಾಗೆ ಹೋಗತ್ತೆ, ನಿಮ್ಮ ಗೇಮ್‌ನಲ್ಲಿ ಎನ್‌ಕ್ರಿಪ್ಟ್ ಮಾಡೋ ಟಿಎಲ್ಎಸ್ ಪೋರ್ಟ್ ಇದ್ರೆ ಅದನ್ನೇ ಹಾಕ್ಕೊಳ್ಳಿ. ಲಾಗ್ ಇಟ್ಕೋತೀರಾ, ಯಾರಿಗಾದ್ರೂ ತೋರಿಸ್ತೀರಾ ಅಂತ ಇಬ್ರೂ ಮೊದ್ಲೇ ಮಾತಾಡ್ಕೊಳ್ಳಿ. ಇನ್ನು ವಯಸ್ಸು. ಎದುರಿನವ್ರು ದೊಡ್ಡವ್ರಲ್ಲ ಅನ್ನೋ ಸಣ್ಣ ಅನುಮಾನ ಬಂದ್ರೂ ಅಲ್ಲಿಗೇ ನಿಲ್ಲಿಸಿ ಸ್ಟಾಫ್‌ಗೆ ಹೇಳಿ, ಅದ್ರಲ್ಲಿ ಮುಲಾಜು ಬೇಡ.

ರಾತ್ರಿಪಾಳಿ:

ಫೇಡ್ ಮಾಡೋದೊಂದೇ ದಾರಿ ಅಲ್ಲ ಅಂತ ನನ್ನ ಅನಿಸಿಕೆ. ಮೇಜಿನ ಸುತ್ತ ಕೂತು ಪಾತ್ರ ಮಾಡೋ ಟೇಬಲ್‌ಟಾಪ್ ಗೇಮ್ ಆಡೋರು ಲೈನ್ಸ್, ವೇಲ್ಸ್ ಅಂತ ಮಾಡ್ಕೋತಾರೆ, ಲೈನ್ ಅಂದ್ರೆ ನಮ್ಮ ಕಥೇಲಿ ಅದು ಬರೋದೇ ಇಲ್ಲ, ವೇಲ್ ಅಂದ್ರೆ ಆಗತ್ತೆ ಆದ್ರೆ ಪರದೆ ಹಿಂದೆ. ಹಾಸಿಗೆ ಸೀನ್ ಪೂರ್ತಿ ವೇಲ್ ಮಾಡಿ, ಆದ್ರೆ ಅದ್ರ ನಂತರದ ಮಾತುಕತೆ ಮಾತ್ರ ಬಿಡ್ಬೇಡಿ. ನಾನು ಆಡಿರೋ ಒಳ್ಳೊಳ್ಳೇ ಸೀನ್‌ಗಳೆಲ್ಲ ಬೆಳಗಿನ ಜಾವ ಇಬ್ರೂ ಕೂತು, ಒಬ್ರು ಇಷ್ಟು ದಿನ ಮುಚ್ಚಿಟ್ಟಿದ್ದನ್ನ ಹೇಳ್ಕೊಳ್ಳೋವು.

ಮನೆಯವ್ರ ವಿಷಯಕ್ಕೆ ಬಂದ್ರೆ, ಹೇಳಿ ಅಂತ್ಲೇ ನಾನು ಹೇಳ್ತೀನಿ. ಬ್ಲೀಡ್ ಅಂತಾರಲ್ಲ, ಪಾತ್ರದ ಭಾವನೆ ಆಡೋರಿಗೆ ಹತ್ಕೊಳ್ಳೋದು, ಅದು ಪ್ರೀತಿ ಸೀನ್‌ನಲ್ಲಿ ತುಂಬಾ ಸುಲಭವಾಗಿ ಆಗತ್ತೆ. ದಿನಾ ರಾತ್ರಿ ಒಬ್ರು ನಿಮಗೋಸ್ಕರ ಅಂತ ಅಷ್ಟು ಗಮನ ಕೊಟ್ಟು ಬರೀತಿದ್ರೆ ಮನಸ್ಸು ಆ ಕಡೆ ವಾಲೋದು ಸಹಜ. ಯಜಮಾನ್ರಿಗೆ ಗೊತ್ತಿದ್ರೆ ನಿಮಗೇ ಹಗುರ ಆಗತ್ತೆ. ಲಾಗ್ ಪೂರ್ತಿ ಓದಿಸ್ಬೇಕು ಅಂತಲ್ಲ, "ನನ್ನ ಪಾತ್ರಕ್ಕೆ ಅಲ್ಲೊಬ್ಬ ಪ್ರಿಯಕರ ಇದಾನೆ, ಕಥೆ ಇಲ್ಲಿವರೆಗೂ ಹೋಗತ್ತೆ, ಗೇಮ್ ಬಿಟ್ಟು ಆಚೆ ಅವ್ರ ಜೊತೆ ನನಗೆ ಮಾತುಕತೆ ಇಲ್ಲ" ಅಂತ ಕೂತು ಹೇಳಿ. ಒಬ್ಬೊಬ್ರಿಗೆ ಅದು ಕಾದಂಬರಿ ಬರೆದ ಹಾಗೆ ಕಾಣತ್ತೆ, ಒಬ್ಬೊಬ್ರಿಗೆ ಮೋಸ ಅನ್ನಿಸತ್ತೆ. ಅವ್ರಿಗೆ ಹೇಗೆ ಅನ್ನೋದು ಕೇಳಿದ್ರೆ ಮಾತ್ರ ಗೊತ್ತಾಗೋದು.

ಕಪ್ತಾನಿ:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಆ ಎರಡು ಪೋಸ್ ಪಕ್ಕಪಕ್ಕ ಓದಿದ್ಮೇಲೆ ನನಗೆ ಇಷ್ಟು ದಿನ ಏನು ಕಿರಿಕಿರಿ ಆಗ್ತಿತ್ತು ಅನ್ನೋದು ಸರಿಯಾಗಿ ಗೊತ್ತಾಯ್ತು. ನಾಳೆ ಸೀನ್‌ಗೆ ಮುಂಚೆ ಪೇಜ್ ಹಾಕ್ತೀನಿ. ಒಂದು ವೇಳೆ ಅವ್ರು ಆಗಲ್ಲ ಅಂದ್ರೆ? ಕಥೇಲಿ ಇವರಿಬ್ಬರ ಪ್ರೀತಿ ಹಡಗಿನ ಎಲ್ರಿಗೂ ಗೊತ್ತು, ಅರ್ಧಕ್ಕೆ ಬಿಟ್ರೆ ಬೇರೆ ಆಟಗಾರರ ಕಥೆನೂ ಕೆಡತ್ತೆ.

ಹಳೇ_ಟೆಲ್ನೆಟ್:

ಆಗಲ್ಲ ಅಂದ್ರೆ ವೈದ್ಯನಿಗೆ ಬೇರೆ ಬಂದರಿನಲ್ಲಿ ಕೆಲಸ ಸಿಕ್ಕಿತು ಅಂತ ಇಬ್ರೂ ಒಪ್ಕೊಂಡು ಒಂದು ಬೀಳ್ಕೊಡುಗೆ ಸೀನ್ ಬರೀರಿ, ಹಡಗಿನ ಬೇರೆಯವ್ರನ್ನೂ ಕರೀರಿ, ಅವ್ರ ಕಥೆಗೂ ಒಂದು ಎಳೆ ಸಿಗತ್ತೆ. ಅದಕ್ಕೂ ಒಪ್ಪದೆ ಪೀಡಿಸ್ತಿದ್ರೆ ಅವ್ರ ಪೇಜ್ ಬರದ ಹಾಗೆ ಪೇಜ್ ಲಾಕ್ ಹಾಕಿ, ಮಾತುಕತೆ ಲಾಗ್ ಸಮೇತ ಸ್ಟಾಫ್‌ಗೆ ಕೊಡಿ. ಆದ್ರೆ ಜಗಳದಿಂದ ಪ್ರೀತಿವರೆಗೂ ಅಷ್ಟು ತಾಳ್ಮೆಯಿಂದ ಬರೆದವ್ರು ಒಂದು ಪೇಜ್‌ಗೆ ಎದ್ದು ಹೋಗ್ತಾರೆ ಅಂತ ನನಗನ್ಸಲ್ಲ. ಮಾತಾಡಿ ನೋಡಿ.