ಖರೀದಿಸಿದ ಇಮೇಲ್ ಪಟ್ಟಿಗೆ ಜಾಹೀರಾತು ಕಳುಹಿಸುವುದು ಕಾನೂನುಬದ್ಧವೇ?

ಪ್ರಶ್ನೆ – ಮಗ್ಗದಮನೆ

ನಮಸ್ಕಾರ. ನಮ್ಮದು ಇಳಕಲ್ ಸೀರೆಗಳನ್ನು ಆನ್‌ಲೈನಿನಲ್ಲಿ ಮಾರುವ ಸಣ್ಣ ಸಂಸ್ಥೆ. ಅಮೆರಿಕ, ಕೆನಡಾ ಮತ್ತು ಬ್ರಿಟನ್ನಿನಲ್ಲಿಯೂ ನಮಗೆ ಗ್ರಾಹಕರಿದ್ದಾರೆ. ಈಗ ಮಾರ್ಕೆಟಿಂಗ್ ಏಜೆನ್ಸಿಯೊಂದು ಆ ಮೂರೂ ದೇಶಗಳಲ್ಲಿರುವ ಕನ್ನಡಿಗರ ಇಮೇಲ್ ವಿಳಾಸಗಳ ಪಟ್ಟಿಯನ್ನು ಮಾರಲು ಮುಂದೆ ಬಂದಿದೆ. ಪ್ರತಿ ಇಮೇಲಿನ ಕೆಳಗೆ ಅನ್‌ಸಬ್‌ಸ್ಕ್ರೈಬ್ ಕೊಂಡಿ ಇದ್ದರೆ ಕಾನೂನಿನ ಯಾವ ತೊಡಕೂ ಇಲ್ಲ ಎಂಬುದು ಅವರ ಭರವಸೆ. ಇದು ಎಷ್ಟು ನಿಜ? ಭಾರತದ ಕಾನೂನು ಏನು ಹೇಳುತ್ತದೆ?

ಉತ್ತರ – ನ್ಯಾಯವಿಚಾರ

ಅವರ ಮಾತು ಅಮೆರಿಕದ ಮಟ್ಟಿಗೆ ಅರ್ಧ ನಿಜ, ಉಳಿದೆರಡು ದೇಶಗಳ ಮಟ್ಟಿಗೆ ತಪ್ಪು.

2004ರ ಜನವರಿ 1ರಿಂದ ಜಾರಿಯಲ್ಲಿರುವ ಅಮೆರಿಕದ ಕ್ಯಾನ್-ಸ್ಪ್ಯಾಮ್ ಕಾಯ್ದೆ ಮುಂಚಿತ ಒಪ್ಪಿಗೆಯನ್ನು ಕೇಳುವುದಿಲ್ಲ. ಬೇಡವೆಂದವರಿಗೆ ಮತ್ತೆ ಕಳುಹಿಸಬಾರದು ಎನ್ನುತ್ತದೆ. ಆದರೆ ಅಲ್ಲಿಯೂ ಕೊಂಡಿಯೊಂದೇ ಸಾಲದು. ಕಳುಹಿಸಿದವರ ಹೆಸರಾಗಲಿ ವಿಷಯದ ಸಾಲಾಗಲಿ ದಾರಿ ತಪ್ಪಿಸುವಂತಿರಬಾರದು, ಅದು ಜಾಹೀರಾತೆಂದು ತಿಳಿಯುವಂತಿರಬೇಕು, ನಿಮ್ಮ ಅಂಚೆ ವಿಳಾಸ ಇರಬೇಕು, ಕೊಂಡಿಯು ಕನಿಷ್ಠ 30 ದಿನ ಕೆಲಸ ಮಾಡಬೇಕು ಮತ್ತು ಬೇಡವೆಂದವರ ಕೋರಿಕೆಯನ್ನು ಕೆಲಸದ 10 ದಿನಗಳೊಳಗೆ ಪಾಲಿಸಬೇಕು. ಇಮೇಲ್ ಕಳುಹಿಸಿದ್ದು ಏಜೆನ್ಸಿಯೇ ಆದರೂ, ಸೀರೆ ಯಾರದೋ ಅವರೂ ಹೊಣೆಗಾರರಾಗಬಹುದು.

ಕೆನಡಾದಲ್ಲಿ 2014ರ ಜುಲೈ 1ರಿಂದ ಒಪ್ಪಿಗೆ ಮೊದಲು, ಇಮೇಲ್ ಆಮೇಲೆ. ಒಪ್ಪಿಗೆ ಇತ್ತೆಂದು ರುಜುವಾತುಪಡಿಸುವ ಹೊಣೆ ಕಳುಹಿಸಿದವರದೇ. ಇಮೇಲ್ ಹೊರಟಿದ್ದು ಇಳಕಲ್ಲಿನಿಂದಾದರೂ, ಅದನ್ನು ಕೆನಡಾದ ಕಂಪ್ಯೂಟರಿನಲ್ಲಿ ತೆರೆದರೆ ಕಾಯ್ದೆ ಅನ್ವಯಿಸುತ್ತದೆ. ಸಂಸ್ಥೆಗಳಿಗೆ ಗರಿಷ್ಠ ದಂಡ 1 ಕೋಟಿ ಕೆನಡಾ ಡಾಲರ್. ನಿಮ್ಮಿಂದ ಸೀರೆ ಕೊಂಡವರಿಗೆ 2 ವರ್ಷ, ವಿಚಾರಿಸಿ ಹೋದವರಿಗೆ 6 ತಿಂಗಳು ಇಮೇಲ್ ಕಳುಹಿಸಬಹುದು. ಅಷ್ಟರ ಮಟ್ಟಿಗೆ ಅವರ ಒಪ್ಪಿಗೆ ಇದೆಯೆಂದು ಕಾನೂನು ಭಾವಿಸುತ್ತದೆ.

ಬ್ರಿಟನ್ನಿನ 2003ರ ನಿಯಮಗಳು ಐರೋಪ್ಯ ಒಕ್ಕೂಟದ 2002ರ ನಿರ್ದೇಶನದಿಂದ ಬಂದವು. ಅಲ್ಲಿಯೂ ಒಪ್ಪಿಗೆಯೇ ಮೊದಲು, ಆದರೆ ಹಳೆಯ ಗ್ರಾಹಕರ ವಿಷಯದಲ್ಲಿ ಒಂದು ವಿನಾಯಿತಿ ಉಂಟು. ವಿಳಾಸವನ್ನು ಮಾರಾಟದ ಸಂದರ್ಭದಲ್ಲಿ ನೀವೇ ಪಡೆದಿರಬೇಕು, ಜಾಹೀರಾತು ನಿಮ್ಮದೇ ಆದ ಅದೇ ಬಗೆಯ ಸರಕಿನದಾಗಿರಬೇಕು, ವಿಳಾಸ ಪಡೆಯುವಾಗಲೂ ನಂತರದ ಪ್ರತಿ ಇಮೇಲಿನಲ್ಲಿಯೂ ಬೇಡವೆನ್ನಲು ಅವಕಾಶವಿರಬೇಕು. ದುಡ್ಡು ಕೊಟ್ಟು ತಂದ ಪಟ್ಟಿ ಮೊದಲ ಷರತ್ತಿನಲ್ಲಿಯೇ ಬಿದ್ದುಹೋಗುತ್ತದೆ.

ಉತ್ತರ – ಕಡತ

ಭಾರತದ ಬಗ್ಗೆ ಹೇಳುತ್ತೇನೆ. ಅನಪೇಕ್ಷಿತ ವಾಣಿಜ್ಯ ಇಮೇಲಿಗೆಂದೇ ನಮ್ಮಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2018ರ ನಿಯಮಗಳು ಕರೆ ಮತ್ತು ಎಸ್ಸೆಮ್ಮೆಸ್‌ಗೆ ಸೀಮಿತ. 1909 ಎಂಬ ದೂರವಾಣಿ ಸಂಖ್ಯೆಗೆ ದೂರು ಕೊಡುವ ವ್ಯವಸ್ಥೆ ಇಮೇಲಿಗಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಲ್ಲಿ, ಕಿರಿಕಿರಿ ಉಂಟುಮಾಡಲು ಅಥವಾ ಮೂಲದ ಬಗ್ಗೆ ವಂಚಿಸಲು ಇಮೇಲ್ ಕಳುಹಿಸುವುದು ಅಪರಾಧವೆಂಬ ಮಾತಿತ್ತು. ಆ ಇಡೀ ಕಲಮನ್ನು ಶ್ರೇಯಾ ಸಿಂಘಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದು ರದ್ದುಪಡಿಸಿತು. ಅಭಿವ್ಯಕ್ತಿ ಸ್ವಾತಂತ್ರ್ಯದ ದೃಷ್ಟಿಯಿಂದ ಅದು ಸರಿಯಾದ ತೀರ್ಪು. ಆದರೆ ಜಾಹೀರಾತಿನ ಇಮೇಲಿಗೆ ಮಾತ್ರ ಅನ್ವಯಿಸುವ ಕಾಯ್ದೆಯನ್ನು ಸಂಸತ್ತು ಅನಂತರ ರೂಪಿಸಬೇಕಿತ್ತು, ರೂಪಿಸಲಿಲ್ಲ.

ಈಗಿರುವ ಆಸರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಸಮ್ಮತಿಯು ನಿರ್ದಿಷ್ಟ ಉದ್ದೇಶಕ್ಕಾಗಿಯೇ ಪಡೆದದ್ದಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎಂದು ಅದು ವಿಧಿಸುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಹೊಣೆಗಾರಿಕೆಗಳು ಅಲ್ಲಿಂದ 18 ತಿಂಗಳಿಗೆ ಜಾರಿಗೆ ಬರುತ್ತವೆ. ಬೇರೆಯವರು ಯಾವುದಕ್ಕೋ ಸಂಗ್ರಹಿಸಿದ ವಿಳಾಸಗಳಿಗೆ ನಿಮ್ಮ ಸೀರೆಯ ಜಾಹೀರಾತು ಕಳುಹಿಸುವುದನ್ನು ಅದರಡಿ ಸಮರ್ಥಿಸಿಕೊಳ್ಳುವುದು ಕಷ್ಟ.

ಉತ್ತರ – ಹೊಳೆದಂಡೆ

ಅಮೆರಿಕದಲ್ಲಿ ಕಾನೂನು ಬಿಡುತ್ತದೆ ಎಂಬ ಕಾರಣಕ್ಕೆ ಆ ದೇಶದ ವಿಳಾಸಗಳನ್ನಾದರೂ ಕೊಳ್ಳೋಣ ಎನ್ನಿಸಬಹುದು. ಅಲ್ಲಿಯ ಜನರೆಲ್ಲ ಈ ಪದ್ಧತಿಯನ್ನು ಬಯಸಿದ್ದರು ಎಂದು ದಯವಿಟ್ಟು ತಿಳಿಯಬೇಡಿ. ಕ್ಯಾಲಿಫೋರ್ನಿಯಾ ರಾಜ್ಯವು 2003ರ ಸೆಪ್ಟೆಂಬರಿನಲ್ಲಿ ಮುಂಚಿತ ಒಪ್ಪಿಗೆಯನ್ನು ಕಡ್ಡಾಯಗೊಳಿಸುವ ಕಾಯ್ದೆ ಮಾಡಿತ್ತು. ಜಾರಿಗೆ ಬರಬೇಕಿದ್ದ ದಿನವೇ ಕೇಂದ್ರದ ಕ್ಯಾನ್-ಸ್ಪ್ಯಾಮ್ ಕಾಯ್ದೆ ಅದನ್ನು ಬಹುಮಟ್ಟಿಗೆ ನಿಷ್ಫಲಗೊಳಿಸಿತು. ಇಮೇಲ್ ಪಡೆದ ಸಾಮಾನ್ಯ ವ್ಯಕ್ತಿಗೆ ಆ ಕೇಂದ್ರ ಕಾಯ್ದೆಯಡಿ ದಾವೆ ಹೂಡುವ ಹಕ್ಕೂ ಇಲ್ಲ. ಯಾರೋ ಕೇಳದೆ ಕಳುಹಿಸಿದ್ದನ್ನು ನಿಲ್ಲಿಸುವ ಕೆಲಸ ಪಡೆದವರ ತಲೆಗೇ ಬೀಳುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಮಗ್ಗದಮನೆ

ಎಲ್ಲರಿಗೂ ಧನ್ಯವಾದಗಳು. ಪಟ್ಟಿ ಕೊಳ್ಳುವ ಯೋಚನೆ ಬಿಟ್ಟಿದ್ದೇವೆ. ಹಳೆಯ ಗ್ರಾಹಕರಲ್ಲಿ ಕೆಲವರ ಒಪ್ಪಿಗೆಯ ದಾಖಲೆ ನಮ್ಮಲ್ಲಿಲ್ಲ. ಅವರಿಗೆಲ್ಲ ಒಂದು ಇಮೇಲ್ ಕಳುಹಿಸಿ ಒಪ್ಪಿಗೆ ಕೇಳಬಹುದೇ?

ನ್ಯಾಯವಿಚಾರ

ಹಾಗೆ ಮಾಡಬೇಡಿ. ಕೆನಡಾದ ಕಾಯ್ದೆಯಲ್ಲಿ, ಒಪ್ಪಿಗೆ ಕೇಳುವ ಇಮೇಲೂ ವಾಣಿಜ್ಯ ಸಂದೇಶವೇ. ಬ್ರಿಟನ್ನಿನಲ್ಲಿ 2017ರಲ್ಲಿ, ಗ್ರಾಹಕರ ಆಯ್ಕೆಯನ್ನು ಖಚಿತಪಡಿಸಿಕೊಳ್ಳುವ ಹೆಸರಿನಲ್ಲಿ ಇಮೇಲ್ ಕಳುಹಿಸಿದ್ದಕ್ಕೆ ಮಾಹಿತಿ ಆಯುಕ್ತರ ಕಚೇರಿಯು ಫ್ಲೈಬಿ ವಿಮಾನ ಸಂಸ್ಥೆಗೆ 70,000 ಪೌಂಡ್, ಹೋಂಡಾದ ಯುರೋಪ್ ಘಟಕಕ್ಕೆ 13,000 ಪೌಂಡ್ ದಂಡ ವಿಧಿಸಿತು. ದಾಖಲೆಯಿಲ್ಲದವರನ್ನು ಪಟ್ಟಿಯಿಂದ ಕೈಬಿಡಿ. ಮುಂದಿನ ಸಲ ಅವರು ಸೀರೆಗೆ ಆರ್ಡರ್ ಕೊಡುವಾಗ, ಮೊದಲೇ ಟಿಕ್ ಹಾಕಿರದ ಖಾಲಿ ಚೌಕವೊಂದನ್ನು ಆ ಪುಟದಲ್ಲಿಯೇ ಇಟ್ಟು ಕೇಳಿ, ಒಪ್ಪಿದ ದಿನಾಂಕವನ್ನು ದಾಖಲಿಸಿಕೊಳ್ಳಿ.