ಧಾರವಾಡಕ್ಕೆ ವಾಪಸ್ ಹೋದರೆ ಮಗನ ಓದು ಏನಾಗುತ್ತದೆ?

ಎಲ್ಲರಿಗೂ ನಮಸ್ಕಾರ. ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮುಂದಿನ ವರ್ಷ ಧಾರವಾಡಕ್ಕೆ ವಾಪಸ್ ಹೋಗುವ ವಿಚಾರ ನಡೆದಿದೆ. ಅಲ್ಲಿ ಅವ್ವ ಒಬ್ಬಳೇ ಇದ್ದಾಳೆ, ಸಪ್ತಾಪುರದಲ್ಲಿ ಸ್ವಂತ ಮನೆ ಇದೆ, ನನ್ನ ಕೆಲಸ ಎಲ್ಲಿ ಕೂತರೂ ಆಗುತ್ತದೆ. ಕಾಲು ಹಿಂದೆ ಎಳೆಯುತ್ತಿರುವುದು ಮಗನ ಶಾಲೆ. ಅವನಿಗೆ ಡಿಸ್ಲೆಕ್ಸಿಯಾ, ಅಂದರೆ ಓದು ಬರಹದ ಕಲಿಕಾ ತೊಂದರೆ ಇದೆ. ಈಗ ಮೂರನೇ ಕ್ಲಾಸು. ಲೆಕ್ಕದಲ್ಲಿ ಚುರುಕು, ಮಾತು ಅರಳು ಹುರಿದಂತೆ. ಪುಸ್ತಕ ಕೈಗೆ ಬಂತೆಂದರೆ ಮಾತ್ರ ಒಂದೊಂದು ಸಾಲಿಗೂ ಒದ್ದಾಟ.

ಇಲ್ಲಿ ಅವನಿಗೆ ಐಇಪಿ ಇದೆ, ಅಂದರೆ ಅವನೊಬ್ಬನಿಗಾಗಿ ಶಾಲೆ ಬರೆದ ಕಲಿಕೆಯ ಪ್ಲಾನ್. ನಾವು ಬರಹದಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಶಾಲೆಯೇ ಪುಕ್ಕಟೆಯಾಗಿ ಪರೀಕ್ಷೆ ಮಾಡಿಸಿತು. ವರ್ಷಕ್ಕೊಮ್ಮೆ ಎಲ್ಲರೂ ಕೂತು ಪ್ಲಾನ್ ತಿದ್ದಬೇಕು, ಮೂರು ವರ್ಷಕ್ಕೊಮ್ಮೆ ಮತ್ತೆ ಪರೀಕ್ಷೆ. ಸ್ಪೆಷಲ್ ಟೀಚರ್ ಆರ್ಟನ್-ಗಿಲ್ಲಿಂಗ್‌ಹ್ಯಾಮ್ ಪದ್ಧತಿಯಲ್ಲಿ ಕಲಿಸುತ್ತಾರೆ. ಒಂದೊಂದೇ ಸದ್ದು ಹಿಡಿದು, ಬಾಯಲ್ಲಿ ಹೇಳಿಸಿ, ಮರಳಿನಲ್ಲಿ ಬೆರಳಿಂದ ಬರೆಸುತ್ತಾರೆ. (ನಮ್ಮ ಅಜ್ಜ ಮರಳಲ್ಲೇ ಅಕ್ಷರ ತಿದ್ದಿ ಕಲಿತವನು. ಅದಕ್ಕೆ ಯಾರೂ ಇಷ್ಟು ದೊಡ್ಡ ಹೆಸರು ಇಟ್ಟಿರಲಿಲ್ಲ ಅಷ್ಟೇ.)

ನಮ್ಮ ದೇಶದಲ್ಲಿ ಕಾನೂನು ಇಲ್ಲ ಅಂತಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ತೊಂದರೆಯ ಸುದ್ದಿಯೇ ಇರಲಿಲ್ಲ. 2016ರ ಹೊಸ ಕಾಯ್ದೆ ಅದನ್ನು 21 ಬಗೆಗಳಲ್ಲಿ ಒಂದಾಗಿ ಸೇರಿಸಿತು. ಸರ್ಕಾರದ ಮಾನ್ಯತೆ ಪಡೆದ ಶಾಲೆಗಳು ಇಂಥ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಳ್ಳಬೇಕು, ತೊಂದರೆಯನ್ನು ಬೇಗ ಗುರುತಿಸಬೇಕು ಅಂತಲೂ ಅದರಲ್ಲಿದೆ. ಆದರೆ ಹುಬ್ಬಳ್ಳಿಯ ಒಂದು ಶಾಲೆಗೆ ಫೋನ್ ಮಾಡಿ ಕೇಳಿದರೆ ಬಂದ ಉತ್ತರ, "ಸರ್, ನಮ್ಮಲ್ಲಿ ಎಲ್ಲಾ ಮಕ್ಕಳೂ ನಾರ್ಮಲ್ ಇದಾವ್ರಿ." ಇನ್ನೊಂದು ಕಡೆ ತಕ್ಷಣ ಸೀಟು ಕೊಡ್ತೀವಿ ಅಂದರು. ಕಲಿಸುವವರು ಯಾರು ಅಂದಾಗ ಟ್ಯೂಷನ್ ಇಡ್ರಿ ಅಂದರು. ನನಗೆ ಎರಡನೇ ಉತ್ತರವೇ ಜಾಸ್ತಿ ಭಯ ಹುಟ್ಟಿಸಿತು.

ನನ್ನ ದೊಡ್ಡ ಚಿಂತೆ ಭಾಷೆಗಳದ್ದು. ಇಂಗ್ಲಿಷ್ ಒಂದರಲ್ಲೇ ಏಗುತ್ತಿರುವ ಹುಡುಗ ಅಲ್ಲಿ ಇಂಗ್ಲಿಷ್, ಕನ್ನಡ, ಹಿಂದಿ ಮೂರನ್ನೂ ಬರೆಯಬೇಕು. ಮೂರಕ್ಕೂ ಬೇರೆ ಬೇರೆ ಲಿಪಿ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ಪ್ರಕಾರ ಸಿಬಿಎಸ್‌ಇ ಶಾಲೆಯಲ್ಲೂ ಕನ್ನಡ ಮೊದಲ ಅಥವಾ ಎರಡನೇ ಭಾಷೆಯಾಗಿ ಇರಲೇಬೇಕು. ಸಿಬಿಎಸ್‌ಇ ಹತ್ತನೇ ಕ್ಲಾಸಿನಲ್ಲಿ ಇಂಥ ಮಕ್ಕಳು ಎರಡರ ಬದಲು ಒಂದೇ ಭಾಷೆ ತಗೋಬಹುದು. ಮೂರು ತಾಸಿನ ಪೇಪರಿಗೆ ಒಂದು ತಾಸು ಹೆಚ್ಚು ಸಿಗುತ್ತದೆ, ಬರೆದುಕೊಡುವವರನ್ನೂ ಕೇಳಬಹುದು. ಸರಿ, ಆದರೆ ಹತ್ತನೇ ಕ್ಲಾಸಿಗೆ ಮುಟ್ಟುವ ತನಕ?

ಬೇಸಿಗೆಯಲ್ಲಿ ಅವನಿಗೆ ಕನ್ನಡ ಕಲಿಸಿ ನೋಡಿದೆ. ಕಮಲ, ಬಸವ ಥರದ ಶಬ್ದಗಳನ್ನು ಇಂಗ್ಲಿಷಿಗಿಂತ ಬೇಗ ಓದಿದ. ಕನ್ನಡದಲ್ಲಿ ಅಕ್ಷರಕ್ಕೂ ಸದ್ದಿಗೂ ಹೊಂದಿಕೆ ಇದೆ ಅಲ್ವಾ, ಇಂಗ್ಲಿಷ್ ಸ್ಪೆಲಿಂಗಿನ ಹಾಗೆ ಕೈಕೊಡುವುದಿಲ್ಲ. ಗುಣಿತ, ಒತ್ತಕ್ಷರ ಬಂದಾಗ ಸಿಕ್ಕಿಬಿದ್ದ. ಹುಬ್ಬಳ್ಳಿಯನ್ನು "ಹುಬಳಿ" ಅಂತ ಬರೆಯುತ್ತಾನೆ. ದ ಧ ಎರಡೂ ಒಂದೇ. ಡಿಸ್ಲೆಕ್ಸಿಯಾ ಇಲ್ಲದ ಮಕ್ಕಳಿಗೂ ಒತ್ತಕ್ಷರ ಗಟ್ಟಿಯಾಗಲು ನಾಲ್ಕನೇ ಐದನೇ ಕ್ಲಾಸು ಆಗುತ್ತದೆ. ಇವನಿಗೆ ಇನ್ನೂ ಕಾಲ ಬೇಕು. ಹಾಗಾಗಿ ನನ್ನ ಲೆಕ್ಕ ಹೀಗಿದೆ: ಹಿಂದಿಯಿಂದ ಪೂರ್ತಿ ವಿನಾಯಿತಿ, ಕನ್ನಡದ ಪರೀಕ್ಷೆ ಕೆಲ ವರ್ಷ ಬಾಯಿಮಾತಲ್ಲಿ. ಇದನ್ನು ಅಡ್ಮಿಷನ್ನಿಗೆ ಮೊದಲೇ ಶಾಲೆಯಿಂದ ಬರೆಸಿಕೊಳ್ಳಬೇಕು. 1890ರಿಂದ ಕರ್ನಾಟಕ ವಿದ್ಯಾವರ್ಧಕ ಸಂಘ ಇರುವ ಊರಿಗೆ ಹೋಗಿ ಕನ್ನಡ ಬರೆಯುವುದರಿಂದ ರಿಯಾಯಿತಿ ಕೇಳಲು ನನಗೂ ಮುಜುಗರವಿದೆ. ಕೇಳದಿದ್ದರೆ ಹುಡುಗ ಕನ್ನಡವನ್ನೇ ದ್ವೇಷಿಸುತ್ತಾನೆ.

ಮನೆಯಲ್ಲಿ ಕನ್ನಡ ಮಾತು ನಿಲ್ಲಿಸಿ ಅಂತ ಇಲ್ಲಿ ಕೆಲವರು ಸಲಹೆ ಕೊಟ್ಟರು. ಅದನ್ನು ನಾನು ಒಪ್ಪುವುದಿಲ್ಲ. ಎರಡು ಭಾಷೆ ಮಾತಾಡುವುದರಿಂದ ಡಿಸ್ಲೆಕ್ಸಿಯಾ ಬರುವುದಿಲ್ಲ, ಬಿಟ್ಟರೆ ಹೋಗುವುದೂ ಇಲ್ಲ. ಅಜ್ಜಿಯ ಜೊತೆಗಿನ ಮಾತು ಮಾತ್ರ ಹೋಗುತ್ತದೆ.

ಅವ್ವನದು ಬೇರೆ ಕಥೆ. "ಹುಡುಗ ಆರಾಮ ಅದಾನ ಬಿಡೊ. ನಿಮ್ಮ ಕಾಕಾಗ ಐದನೇ ಇಯತ್ತೆ ತನಕ ಓದಾಕ ಬರ್ತಿರಲಿಲ್ಲ, ಈಗ ಎರಡು ಟ್ರ್ಯಾಕ್ಟರ್ ಅದಾವ" ಅನ್ನುತ್ತಾಳೆ. ಡಿಸ್ಲೆಕ್ಸಿಯಾ ಇದೆ ಅನ್ನುವ ಪ್ರಮಾಣಪತ್ರದ ವಿಚಾರಕ್ಕೆ ಡಿಮ್ಹಾನ್ಸ್ (ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ) ಹೆಸರು ತೆಗೆದರೆ ಸಿಟ್ಟು. ಅದು ಹಳೇ ಹುಚ್ಚಾಸ್ಪತ್ರೆಯಂತೆ, ಮೊಮ್ಮಗನನ್ನು ಅಲ್ಲಿಗೆ ಕರೆದೊಯ್ದರೆ ಓಣಿಯವರು ಏನಂದಾರು. ಅವಳ ಜೊತೆ ವಾದ ಮಾಡಿ ಫಲವಿಲ್ಲ. ಸುಮ್ನೆ ಕರೆದುಕೊಂಡು ಹೋಗುತ್ತೇನೆ. ಇಲ್ಲಿನ ವರದಿ ಹಿನ್ನೆಲೆಗೆ ಉಪಯೋಗವಾದೀತು, ಬೋರ್ಡಿಗೆ ಅಲ್ಲಿನ ಪ್ರಮಾಣಪತ್ರವೇ ಬೇಕು.

ಏನೂ ಆಗದಿದ್ದರೆ ಮುಕ್ತ ಶಾಲಾ ಬೋರ್ಡು ಎನ್‌ಐಓಎಸ್ ಇದ್ದೇ ಇದೆ. ಐದು ವರ್ಷದಲ್ಲಿ ಒಂದೊಂದೇ ವಿಷಯ ಬರೆದು ಮುಗಿಸಬಹುದು. ಅದನ್ನು ಈಗಲೇ ಆರಿಸುವ ಮನಸ್ಸಿಲ್ಲ, ಅವನಿಗೆ ಗೆಳೆಯರು ಬೇಕು.

ಈಗ ನಿಮ್ಮಿಂದ ಬೇಕಾಗಿರುವುದು ಇಷ್ಟು. ಹುಬ್ಬಳ್ಳಿ-ಧಾರವಾಡದಲ್ಲಿ ಸ್ಪೆಷಲ್ ಎಜುಕೇಟರ್‌ರನ್ನು ಪೂರ್ತಿ ಕೆಲಸಕ್ಕೆ ಇಟ್ಟುಕೊಂಡ ಶಾಲೆಯಲ್ಲಿ ಯಾರ ಮಕ್ಕಳಾದರೂ ಓದುತ್ತಿದ್ದಾರಾ? ಶಾಲೆಯ ಬ್ರೋಷರ್ ಓದಿ ಹೇಳುವುದು ಬೇಡ. ಮಗ ಓಸಿಐ, ಅಂದರೆ ಭಾರತ ಮೂಲದ ವಿದೇಶಿ ಪ್ರಜೆ. ಅಂಥ ಮಕ್ಕಳಿಗೆ ಪ್ರಮಾಣಪತ್ರ ಮಾಡಿಸಿದವರಿದ್ದರೆ ಯಾವ ಕಾಗದ ಕೇಳಿದರು ಅಂತ ತಿಳಿಸಿ. ಮತ್ತೆ ಗದಗ, ಹಾವೇರಿ ಕಡೆಯವರು ಮಗುವನ್ನು ಧಾರವಾಡದ ತನಕ ಕರೆತರುತ್ತೀರಾ, ಅಥವಾ ನಿಮ್ಮಲ್ಲೇ ಯಾರಾದರೂ ಒಳ್ಳೆಯ ಟೀಚರ್ ಸಿಕ್ಕಿದ್ದಾರಾ?