ಲೆಕ್ಕದಲ್ಲಿ 0.78, ರಸ್ತೆಯಲ್ಲಿ ಕರಗದ ಸಾಲು: ಸಿಗ್ನಲ್ ಅಧ್ಯಯನದಲ್ಲಿ ತಪ್ಪಿರುವುದೆಲ್ಲಿ?

ಪ್ರಶ್ನೆ:
ಮೈಸೂರಿನ ಹೊರವಲಯದಲ್ಲಿ ಸಿಗ್ನಲ್ ಇರುವ ವೃತ್ತವೊಂದರ ಬಳಿ ತಲೆಯೆತ್ತಲಿರುವ ಅಪಾರ್ಟ್‌ಮೆಂಟಿಗಾಗಿ ಸಂಚಾರ ಪರಿಣಾಮ ಅಧ್ಯಯನ ಮಾಡುತ್ತಿದ್ದೇನೆ. ಗೇಟು ಬರುವುದು ಸ್ಟಾಪ್‌ಲೈನಿನಿಂದ (ಕೆಂಪು ದೀಪಕ್ಕೆ ವಾಹನಗಳು ನಿಲ್ಲಬೇಕಾದ ಗೆರೆ) 90 ಮೀಟರ್ ಹಿಂದೆ. ಆ ಬದಿಯ ರಸ್ತೆಯ ಅಗಲ 7 ಮೀಟರ್. 120 ಸೆಕೆಂಡಿನ ಸೈಕಲ್‌ನಲ್ಲಿ ಪರಿಣಾಮಕಾರಿ ಹಸಿರು, ಅಂದರೆ ವಾಹನಗಳು ನಿಜಕ್ಕೂ ಹರಿಯುವ ಸಮಯ, 36 ಸೆಕೆಂಡು. ವೆಬ್‌ಸ್ಟರ್ ವಿಧಾನದಂತೆ ಅಗಲದ ಪ್ರತಿ ಮೀಟರಿಗೆ ಗಂಟೆಗೆ 525 ಪಿಸಿಯು (ಎಲ್ಲ ವಾಹನಗಳನ್ನೂ ಕಾರಿನ ಲೆಕ್ಕಕ್ಕೆ ತರುವ ಮಾನ) ಹಿಡಿದರೆ ಸ್ಯಾಚುರೇಶನ್ ಫ್ಲೋ, ಅಂದರೆ ಹಸಿರು ಸತತವಾಗಿದ್ದರೆ ಗಂಟೆಗೆ ದಾಟಬಲ್ಲ ಸಂಚಾರ, 3675; 36 ಸೆಕೆಂಡಿನ ಹಸಿರಿಗೆ ಸಾಮರ್ಥ್ಯ ಗಂಟೆಗೆ ಸುಮಾರು 1100 ಆಗುತ್ತದೆ. ಸಂಜೆ ಸ್ಟಾಪ್‌ಲೈನಿನಲ್ಲಿ ಎಣಿಸಿದಾಗ ಸಿಕ್ಕಿದ್ದು ಗಂಟೆಗೆ 860, ಅಂದರೆ ಸಾಮರ್ಥ್ಯಕ್ಕೆ ಸಂಚಾರದ ಅನುಪಾತ 0.78. ಆದರೆ ಸ್ಥಳದಲ್ಲಿ ಹಸಿರು ಮುಗಿದರೂ ಸಾಲು ಕರಗದೆ, ಅದರ ಬಾಲ ಗೇಟಿನ ಜಾಗವನ್ನೂ ದಾಟಿ ನಿಂತಿರುತ್ತದೆ. ಪಿಸಿಯು ಮೌಲ್ಯಗಳು ತಪ್ಪಿರಬಹುದೇ?

ಉತ್ತರ 1:
ದ್ವಿಚಕ್ರ ವಾಹನಕ್ಕೆ ಐಆರ್‌ಸಿ 106ರ (ನಗರ ರಸ್ತೆಗಳ ಸಾಮರ್ಥ್ಯದ ಬಗ್ಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ) 0.75 ಪಿಸಿಯು ಹಿಡಿದಿದ್ದರೆ, ಅದು ವೃತ್ತಗಳ ನಡುವಿನ ರಸ್ತೆಗೆ ಕೊಟ್ಟಿರುವ ಮೌಲ್ಯ. ಸಿಗ್ನಲ್‌ನಲ್ಲಿ ಬೈಕುಗಳು ಸಂದಿಯಲ್ಲಿ ನುಸುಳಿ ಮುಂದೆ ಬಂದು ನಿಲ್ಲುವುದರಿಂದ ಅಲ್ಲಿ ಇನ್ನೂ ಕಡಿಮೆ ಹಿಡಿಯಬೇಕಾಗುತ್ತದೆ. ಆದರೆ ಹಾಗೆ ತಿದ್ದಿದರೆ ನಿಮ್ಮ 860 ಮತ್ತಷ್ಟು ಇಳಿಯುತ್ತದೆಯೇ ಹೊರತು ಸಾಲು ಏಕೆ ನಿಂತಿದೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ.

ಉತ್ತರ 2:
ನೀವು ಎಣಿಸಿದ್ದು ಹೊರಟುಹೋದ ವಾಹನಗಳನ್ನು, ಬಂದು ಸೇರಿದ ವಾಹನಗಳನ್ನಲ್ಲ. ಹಸಿರು ಮುಗಿದಾಗಲೂ ಸಾಲು ಉಳಿದಿದ್ದರೆ, ಎಣಿಕೆಯಲ್ಲಿ ಸಿಕ್ಕ 860 ಎಂಬುದೇ ಆ ಬದಿಯ ನಿಜವಾದ ಸಾಮರ್ಥ್ಯ. ಅದರಿಂದ ಹಿಂದಕ್ಕೆ ಲೆಕ್ಕ ಹಾಕಿದರೆ ಸ್ಯಾಚುರೇಶನ್ ಫ್ಲೋ ಸುಮಾರು 2870 ಮಾತ್ರ. ಪುಸ್ತಕದ 3675ನ್ನು ತಡೆಯುತ್ತಿರುವುದು ಏನೆಂದು ಸ್ಥಳದಲ್ಲಿ ನಿಂತು ನೋಡಿ. ವೃತ್ತ ದಾಟಿದ ಕೂಡಲೇ ಬಸ್ ನಿಲ್ದಾಣವಿದೆಯೇ? ಬೇಡಿಕೆ ತಿಳಿಯಲು ಪ್ರತಿ 15 ನಿಮಿಷದ ಆರಂಭದಲ್ಲೂ ಕೊನೆಯಲ್ಲೂ ಸಾಲಿನಲ್ಲಿರುವ ವಾಹನಗಳನ್ನು ಎಣಿಸಿ, ಹೆಚ್ಚಾದಷ್ಟನ್ನು ಹೊರಟ ಸಂಖ್ಯೆಗೆ ಕೂಡಿಸಿ. ಹಸಿರಿಗೆ ಮೊದಲೇ ಜೀಬ್ರಾ ಪಟ್ಟಿಯ ಮೇಲೆ ಬಂದು ನಿಂತ ಬೈಕುಗಳನ್ನು ಬಿಡಬೇಡಿ. ವಿಡಿಯೊ ಎಣಿಕೆಯಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಅವೇ.

ಪ್ರಶ್ನೆ ಕೇಳಿದವರಿಂದ:
ಸರ್, ನೀವು ಹೇಳಿದಂತೆಯೇ ಇದೆ. ವೃತ್ತದಿಂದ 20 ಮೀಟರ್ ಆಚೆ ಬಸ್ಸುಗಳು ನಿಲ್ಲುತ್ತವೆ, ಅವುಗಳ ಹಿಂದೆ ಆಟೊಗಳು. ಬಸ್ಸು ನಿಂತ ಸೈಕಲ್‌ಗಳಲ್ಲಿ ಸ್ಯಾಚುರೇಶನ್ ಫ್ಲೋ 2400ರ ಆಸುಪಾಸು, ನಿಲ್ಲದಿದ್ದಾಗ 3300. ಹದಿನೈದು ನಿಮಿಷದಲ್ಲಿ 215 ಪಿಸಿಯು ಹೊರಟವು. ಸಾಲು 40ರಿಂದ 65ಕ್ಕೆ ಬೆಳೆಯಿತು. ಹಾಗಾಗಿ ಬೇಡಿಕೆ ಗಂಟೆಗೆ 960, ಅನುಪಾತ 1.12. ಗೇಟಿನ ವಿಷಯದಲ್ಲಿ ಏನು ಬರೆಯಲಿ?

ಉತ್ತರ 2:
ನಿಲ್ದಾಣವನ್ನು ಮುಂದಕ್ಕೆ ಸರಿಸಿದರೂ ಸಾಮರ್ಥ್ಯ 990 ಆದೀತು, ಅನುಪಾತ 0.97, ಅಪಾರ್ಟ್‌ಮೆಂಟಿನ ವಾಹನಗಳನ್ನು ಇನ್ನೂ ಸೇರಿಸಿಲ್ಲ. ಎರಡು ಸಾಲಿನಲ್ಲಿ, ವಾಹನಕ್ಕೆ 6 ಮೀಟರಿನಂತೆ 65 ಪಿಸಿಯು ನಿಂತರೆ 195 ಮೀಟರ್, ಆದ್ದರಿಂದ 90 ಮೀಟರಿನಲ್ಲಿರುವ ಗೇಟು ಸಾಲಿನ ನಡುವೆಯೇ ಸಿಕ್ಕಿಕೊಳ್ಳುತ್ತದೆ. ನಿವೇಶನದ ಹಿಂಬದಿಗೆ ಅಡ್ಡರಸ್ತೆಯಿದ್ದರೆ ಮುಖ್ಯ ಗೇಟನ್ನು ಅಲ್ಲಿಗೆ ಒಯ್ಯುವಂತೆ ಬರೆಯಿರಿ. ಇಲ್ಲದಿದ್ದರೆ ಎಡಕ್ಕೆ ಮಾತ್ರ ಒಳಹೋಗಿ ಎಡಕ್ಕೆ ಮಾತ್ರ ಹೊರಬರುವ ವ್ಯವಸ್ಥೆ. ಬಲತಿರುವು ನಿಷೇಧಿಸಿದ ಮಾತ್ರಕ್ಕೆ ಆ ವಾಹನಗಳು ಮಾಯವಾಗುವುದಿಲ್ಲ, ಯು-ಟರ್ನ್ ಹುಡುಕಿಕೊಂಡು ಇದೇ ಸಿಗ್ನಲ್‌ಗೆ ಬರುತ್ತವೆ. ಅವುಗಳನ್ನೂ ಎಣಿಕೆಗೆ ಕೂಡಿಸಿದ ಮೇಲೆ ಅನುಪಾತವನ್ನು ಮತ್ತೆ ತೆಗೆಯಿರಿ.